ನಲವತ್ತೇಳನೆಯ ಕಲ್ಲು

ಮೂರಡಿ ಆಳಕ್ಕೆ ಇಳಿಯುವಷ್ಟರಲ್ಲಿ ಹಾರೆ ಠಣ್ ಎಂದಿತು. ಕುಣಿ ತೋಡುತ್ತಿದ್ದವರು ಬೆವರೊರೆಸಿಕೊಂಡು ಇನ್ನೊಂದು ಮೂಲೆಗೆ ಹಾಕಿ ನೋಡಿದರು. ಅಲ್ಲೂ ಠಣ್. ಬೀರಲಿಂಗ ಧೋತರ ಎತ್ತಿಕಟ್ಟಿಕೊಂಡು ಹೊಲದಿಂದ ಊರೊಳಗಿನ ಮನೆಯವರೆಗೆ ಓಡುತ್ತಲೇ ಬಂದ. ಸತ್ತವನು ಅವನ ಸ್ವಂತ ಅಣ್ಣ. ಅಣ್ಣನಿಗೆ ಒಂದು ಕುಣಿ ತೋಡಿಸುವ ಕೆಲಸವೂ ತನ್ನಿಂದ ನೆಟ್ಟಗಾಗಲಿಲ್ಲವಲ್ಲ ಎಂಬ ಸಂಕಟ ಅವನ ಮುಖದಲ್ಲಿ ಕಾಣುತ್ತಿತ್ತು.

"ಅತ್ತಿಗಿ, ಕಲ್ಲು ಹತ್ತೈತಿ. ಹಾರಿ ಒಳಗ ಹೋಗವಲ್ದು."

ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದ ಹೊನ್ನೂರಪ್ಪನ ಪಕ್ಕದಲ್ಲಿ ಆದೆಮ್ಮ ಕುಳಿತಿದ್ದಳು. ಸೆರಗಿನಿಂದ ಮೂಗೊರೆಸಿಕೊಂಡು ಕೇಳಿದಳು, "ಎಂಥ ಕಲ್ಲು? ಕರೀದೋ, ಬೂದಿಬಣ್ಣದ್ದೋ?"

ಹಾಡಿಕೊಂಡು ಅಳುತ್ತಿದ್ದ ಹೆಂಗಸರು ಅರ್ಧಕ್ಕೇ ನಿಲ್ಲಿಸಿದರು. ಪಕ್ಕದ ಮನೆಯ ಗಿರಿಯಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ. "ಏನ ಬೇ ಆದೆಮ್ಮ, ಗಂಡ ಸತ್ತು ಕುಂತಾನ, ನೀ ಕಲ್ಲಿನ ಬಣ್ಣ ಕೇಳಾಕತ್ತಿಯಲ್ಲ!"

"ಅಂವ ಇದ್ದಿದ್ರ ಅದನ್ನ ಮೊದಲು ಕೇಳ್ತಿದ್ದ," ಎಂದಳು ಆದೆಮ್ಮ.

ಅದು ನಿಜವೇ ಆಗಿತ್ತು. ಬೀರಲಿಂಗ ಒಂದು ಗಳಿಗೆ ಯೋಚಿಸಿ, "ಕರೀದು. ಚಕ್ಕಿ ಎದ್ದಲ್ಲಿ ಹಸುರು ಹೊಡೀತೈತಿ," ಎಂದ.

"ಹಂಗಾದ್ರ ಅದು ಬಂಡಿಗಲ್ಲು, ಒಡಿಯಂಗಿಲ್ಲ. ನಾಕು ಮಾರು ಮೂಡಣಕ್ಕ ಸರೀರಿ. ಅಲ್ಲಿ ಮಣ್ಣು ಆಳ ಐತಿ ಅಂತ ನಿಮ್ಮಣ್ಣನ ಹೇಳ್ತಿದ್ದ."

ಬೀರಲಿಂಗ ಹೊಲಕ್ಕೆ ವಾಪಸು ಓಡಿದ. ಕಲ್ಲಿನ ವಿಷಯದಲ್ಲಿ ಈ ಮನೆಯವರ ಮಾತಿಗೆ ಸಂತೆಕಲ್ಲೂರಿನಲ್ಲಿ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಹೊನ್ನೂರಪ್ಪ ಹೋದದ್ದು ಬೆಳಗಿನ ಹೊತ್ತು. ಎಪ್ಪತ್ನಾಲ್ಕು ವರ್ಷವಾಗಿತ್ತು. ತಿಂಗಳಿಂದ ಉಸಿರು ಸಾಲದೆ ಹೊರಸು ಹಿಡಿದಿದ್ದ. ಹಿಂದಿನ ದಿನ ನುಚ್ಚು ಮಜ್ಜಿಗೆ ಉಂಡು, ಮೊಮ್ಮಗಳು ಅಂಜಲಿ ಫೋನಿನಲ್ಲಿ ತೋರಿಸಿದ ಯಾವುದೋ ದೇಶದ ಬೆಂಕಿಬೆಟ್ಟವನ್ನು ಕಣ್ಣು ಕಿರಿದು ಮಾಡಿ ನೋಡಿ, "ಇದು ಇನ್ನಾ ಕೂಸು," ಅಂದು ಮಲಗಿದ್ದ. ಬೆಳಿಗ್ಗೆ ಏಳಲಿಲ್ಲ. ಬಂದವರೆಲ್ಲ ಪುಣ್ಯವಂತನ ಸಾವು ಅಂದರು. ಆದೆಮ್ಮನಿಗೂ ಹಾಗೇ ಅನ್ನಿಸಿತ್ತು. ಅಳು ಬಂದಾಗ ಅತ್ತಳು. ಬಾರದಾಗ, ದೂರದಿಂದ ಬಂದವರಿಗೆ ಚಹಾ ಮುಟ್ಟಿತೋ ಇಲ್ಲವೋ ಎಂದು ವಿಚಾರಿಸಿದಳು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಗಂಡನ ಮೇಲೆ ಅವಳಿಗೆ ದೊಡ್ಡ ದೂರೇನೂ ಇರಲಿಲ್ಲ. ಕುರಿ ಕಾಯ್ದ, ಗುಡ್ಡ ತಿರುಗಿದ, ಮಕ್ಕಳನ್ನು ಓದಿಸಿದ. ಮಗ ಆನಂದಕುಮಾರ ಲಿಂಗಸುಗೂರಿನ ತಾಲೂಕು ಕಚೇರಿಯಲ್ಲಿ ನೌಕರ. ಮಗಳು ಜ್ಯೋತಿಯನ್ನು ಕಾಲುವೆ ಸೀಮೆಗೆ ಕೊಟ್ಟಿದ್ದರು. ಅವಳು ಗಂಡನ ಬೈಕಿನಲ್ಲಿ ಹೊತ್ತು ಏರುವುದರೊಳಗೆ ಬಂದು ಅಪ್ಪನ ಕಾಲ ಬಳಿ ಕುಳಿತಿದ್ದಳು. ಒಬ್ಬ ಮನುಷ್ಯನಿಗೆ ಇನ್ನೇನು ಬೇಕು?

ಆನಂದಕುಮಾರ ಫೋನು ಕೈಯಲ್ಲಿ ಹಿಡಿದು ಒಳಗೆ ಬಂದ. "ಯವ್ವಾ, ಸಂಗನಬಸವ ಸರ್ ಸಿಂಧನೂರು ಬಿಟ್ಟಾರಂತ. ಮಸ್ಕಿ ಮುಟ್ಟಾಕ ಬಂದಾರ. ನಾ ಬರೋತನ ಮಣ್ಣು ಹಾಕಬ್ಯಾಡ್ರಿ ಅಂದ್ರು."

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಆದೆಮ್ಮ ಈಗ ಗಂಡನ ಮುಖ ನೋಡಿದಳು. ಹಣೆಗೆ ಭಂಡಾರ ಹಚ್ಚಿಸಿಕೊಂಡು ಅವನು ಯಾವ ಫಿಕರೂ ಇಲ್ಲದೆ ಕುಳಿತಿದ್ದ. ಫಿಕರನ್ನೆಲ್ಲ ಅವಳ ಉಡಿಗೆ ಹಾಕಿ ಹೋಗಿದ್ದ.

ಎಂಟು ದಿನದ ಹಿಂದೆ, ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಹೊರಸಿನ ಮೇಲೆ ಕುಳಿತಿದ್ದವನು ಅವಳ ಕೈ ಹಿಡಿದುಕೊಂಡಿದ್ದ.

"ನಾ ಹೋದ ದಿನ ಸರ್ ಬಂದ ಬರ್ತಾರ. ಅವತ್ತು ಹೇಳಿಬಿಡು. ನನ್ನ ಮ್ಯಾಲ ಮಣ್ಣು ಬೀಳೋದ್ರೊಳಗ ಹೇಳು."

"ಈಗ ನೀನ ಫೋನ್ ಹಚ್ಚಿ ಹೇಳು. ಬಾಯಿ ಇಲ್ಲೇನು?"

"ನನ್ನ ಕೈಲಿ ಆಗೂದಿದ್ರ ಮೂವತ್ತು ವರ್ಷದಾಗ ಒಂದು ದಿನ ಆಗ್ತಿತ್ತು. ತಪ್ಪು ನಿಂದು, ಮುಚ್ಚಿದ್ದು ನಾನು. ನಿಂದು ಹೇಳೂಮುಂದ ನಂದೂ ಸೇರಿಸಿ ಹೇಳು."

ಆದೆಮ್ಮ ಹೂಂ ಅಂದಿದ್ದಳು. ಸಾಯುವ ಮನುಷ್ಯ ಕೈ ಹಿಡಿದು ಕೇಳಿದರೆ ಇನ್ನೇನು ಅನ್ನುತ್ತಾರೆ? ಆದರೆ ಹೂಂ ಅನ್ನುವುದು ಬೇರೆ, ಊರ ಮುಂದೆ ಬಾಯಿ ಬಿಡುವುದು ಬೇರೆ. ಹೇಳಿದರೆ ಆ ದೊಡ್ಡ ಮನುಷ್ಯರ ಹೆಸರು, ಪದವಿ ಎಲ್ಲ ಮಣ್ಣಾಗುತ್ತದೆ. ಅವರು ಹೊನ್ನೂರಪ್ಪನ ಹೆಣಕ್ಕೆ ಬೆನ್ನು ತಿರುಗಿಸಿ ಹೋದರೂ ಹೋದಾರು. ಹೇಳದಿದ್ದರೆ ಗಂಡ ಭಾರ ಹೊತ್ತುಕೊಂಡೇ ಕುಣಿಗೆ ಇಳಿಯುತ್ತಾನೆ. ಎರಡರಲ್ಲಿ ಯಾವುದೂ ಅವಳಿಗೆ ಬೇಡವಾಗಿತ್ತು.

*

ಸಂಗನಬಸವ ಆಗ ಸರ್ ಆಗಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ, ಕೈಯಲ್ಲೊಂದು ಸುತ್ತಿಗೆ, ಹೆಗಲಲ್ಲೊಂದು ಜೋಳಿಗೆ ಹಿಡಿದು ಮಸ್ಕಿಯ ಕಡೆಯಿಂದ ಗುಡ್ಡ ಹತ್ತಿ ಬಂದ ಬಡಕಲು ಮನುಷ್ಯ. ಗೊರೇಬಾಳದ ಗದ್ದೆಯಲ್ಲಿ ಬೆಳೆದವನು. ಕೆಸರಲ್ಲಿ ನಡೆದು ಗೊತ್ತು, ಕಲ್ಲಿನ ಮೇಲೆ ನಡೆದು ಗೊತ್ತಿಲ್ಲ. ಜಾರಿ ಬಿದ್ದು ಮೊಣಕಾಲು ಕೆತ್ತಿಕೊಂಡು ಕುಳಿತಿದ್ದವನಿಗೆ ಹೊನ್ನೂರಪ್ಪ ನೀರು ಕೊಟ್ಟ. ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಹಳೇ ಬೆಂಕಿಬೆಟ್ಟ ಅಂದ ಸಂಗನಬಸವ. ಹೊನ್ನೂರಪ್ಪ ನಗಲಿಲ್ಲ. "ಬರ್ರಿ," ಅಂದು ಕುರಿ ಹೊಡೆದುಕೊಂಡೇ ಅವನನ್ನು ಗುಡ್ಡದ ಹಿಂಬದಿಗೆ ಕರೆದುಕೊಂಡು ಹೋದ. ಅಲ್ಲಿ ಗುಂಡುಗುಂಡಾದ ಕರಿಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು, ಮಧ್ಯಾಹ್ನದ ಹೊತ್ತು ಕುರಿಮಂದೆ ಮಲಗಿದ ಹಾಗೆ ಬಿದ್ದಿದ್ದವು. ಸಂಗನಬಸವ ಕಾಲುನೋವು ಮರೆತು ಅವುಗಳ ನಡುವೆ ಓಡಾಡಿದ. ಕಾದ ಲಾವಾ ಸಮುದ್ರದ ನೀರಿಗೆ ಬಿದ್ದು ಚುಯ್ಯೆಂದು ಆರಿದಾಗ ಮಾತ್ರ ಕಲ್ಲು ಹೀಗೆ ಉಂಡೆ ಕಟ್ಟುತ್ತದೆ ಎಂದು ಆಮೇಲೆ ಹೇಳಿದ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು ಅಂದ.

"ಇಲ್ಲಿ ಸಮುದ್ರ ಇತ್ತಾ ಸರ?" ಹೊನ್ನೂರಪ್ಪ ಸುತ್ತ ನೋಡಿದ. ಕಣ್ಣು ಹಾಯುವವರೆಗೆ ಜೋಳ, ತೊಗರಿ, ಬಿಸಿಲು.

ಅವತ್ತಿನಿಂದ ಹೊನ್ನೂರಪ್ಪನ ಕುರಿ ತಮ್ಮನ ಪಾಲಿಗೆ ಹೋದವು. ಅವನು ಕಲ್ಲಿನ ಹಿಂದೆ ಹೋದ. ಸರ್ ಕಲ್ಲು ಒಡೆದು ಕೊಡುವರು, ಚೀಟಿಯಲ್ಲಿ ಅಂಕಿ ಬರೆದು ಬಟ್ಟೆಚೀಲದಲ್ಲಿ ಹಾಕುವರು. ಇವನು ಹೊತ್ತುಕೊಂಡು ಮನೆಗೆ ತಂದು ಸಾಲಾಗಿ ಇಡುವನು. ಶಾಲೆ ಕಾಣದವನು ಆ ಚೀಟಿ ನೋಡಿ ನೋಡಿ ಅಂಕಿ ಕಲಿತ.

ಸರ್‌ಗೆ ಬೇಕಾಗಿದ್ದ ವಿಷಯವನ್ನು ಹೊನ್ನೂರಪ್ಪ ತನ್ನ ಹಾಗೆ ಮಾಡಿಕೊಂಡು ಆದೆಮ್ಮನಿಗೆ ಹೇಳುತ್ತಿದ್ದ. "ಸಮುದ್ರದ ತಳ ಅಂದ್ರ ಹಾಸಿದ ಕಂಬಳಿ ಅಂತ ತಿಳಕೋ. ಅದರ ಮ್ಯಾಲ ಲಕ್ಷಗಟ್ಟಲೆ ವರ್ಷ ಕೆಸರು ಕುಂದ್ರತೈತಿ. ಹೊಳಿ ತಂದದ್ದು, ಗಾಳಿ ತಂದದ್ದು, ಮೀನದ ಎಲುಬು ಸೈತ."

"ಹೊನ್ನೂರಣ್ಣ, ಆವಾಗ ಮೀನ ಹುಟ್ಟಿದ್ದಿಲ್ಲೋ," ಎಂದು ಸರ್ ತಿದ್ದುವರು.

"ಆತು, ಮೀನ ಬಿಡ್ರಿ. ಆ ಕಂಬಳಿನ ಒಂದು ಕಡಿಂದ ಭೂಮಿ ತನ್ನ ಹೊಟ್ಟ್ಯಾಗ ಜಗ್ಗಿಕೊಂತೈತಿ. ಕಂಬಳಿ ಹೋತು ಅಂದ್ರ ಅದರ ಮ್ಯಾಲಿನ ಕೆಸರೂ ಹೋತು. ಕೆಳಗ ಹೋದಂಗ ಕಾವು. ಕೆಸರಿನ ನೀರು, ಸತುವು ಎಲ್ಲಾ ಬಿಟ್ಟು ಮ್ಯಾಲ ಏರತೈತಿ. ಅದು ತಾಕಿದ ಕಲ್ಲು ಕರಗತೈತಿ. ಕರಗಿದ್ದು ಬೆಂಕಿಬೆಟ್ಟ ಆಗಿ ಹೊರಗ ಬಂದು, ಆರಿ ಮತ್ತ ಕಲ್ಲಾತು. ಅಂದ್ರ ಆ ಕಲ್ಲಿನ್ಯಾಗ ಕೆಸರಿನ ಗುರುತು ಇರಬೇಕೋ ಬ್ಯಾಡೋ? ಅದನ್ನ ಸರ್ ಹುಡುಕಾಕತ್ತಾರ."

"ಕೆಸರು ಹುಡುಕಾಕ ಗುಡ್ಡ ಯಾಕ ಹತ್ತಬೇಕು? ಗೊರೇಬಾಳದಾಗ ಬೇಕಾದಷ್ಟೈತಿ," ಎಂದು ಆದೆಮ್ಮ ಅಂದದ್ದಕ್ಕೆ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆ ದಿನ ಬಂದದ್ದು ಬೇಸಿಗೆಯಲ್ಲಿ. ಗುಡ್ಡದಿಂದ ಇಬ್ಬರೂ ಹಸಿದು ಬಂದರು. ರೊಟ್ಟಿ ಆಗಿತ್ತು, ಖಾರ ಆಗಿರಲಿಲ್ಲ. ಖಾರ ಕುಟ್ಟುವ ಗುಂಡುಕಲ್ಲನ್ನು ಗಿರಿಯಮ್ಮ ಒಯ್ದವಳು ತಂದುಕೊಟ್ಟಿರಲಿಲ್ಲ. ಕೇಳಲು ಹೋದರೆ ಅವಳ ಮಾತು ಮುಗಿಯುವುದಿಲ್ಲ. ಆದೆಮ್ಮ ಸುತ್ತ ನೋಡಿದಳು. ಮೂಲೆಯ ಚೀಲಗಳಲ್ಲಿ ಒಂದರ ಬಾಯಿ ಬಿಚ್ಚಿತ್ತು. ಒಳಗೆ ಕೈಗೆ ಹೇಳಿ ಮಾಡಿಸಿದಂಥ ಕರೀ ಕಲ್ಲು. ತೆಗೆದು, ತೊಳೆದು, ಒರಳಿಗೆ ಒಣಮೆಣಸಿನಕಾಯಿ, ಬಳ್ಳೊಳ್ಳಿ, ಒಂದು ಹಿಡಿ ಹರಳುಪ್ಪು ಹಾಕಿ ನಾಲ್ಕು ಏಟು ಕುಟ್ಟಿದಳು. ಸರ್ ಎರಡು ಸಲ ಹಾಕಿಸಿಕೊಂಡು ಉಂಡರು. ಇಂಥ ಖಾರ ತಿಂದೇ ಇಲ್ಲ ಅಂದರು.

ಅವರು ಹೋದಮೇಲೆ ಹೊನ್ನೂರಪ್ಪ ಒರಳ ಪಕ್ಕದಲ್ಲಿದ್ದ ಕಲ್ಲು ಕಂಡ. ಚೀಲ ನೋಡಿದ. ಚೀಟಿ ನೋಡಿದ.

"ಲೇ, ಇದು ನಲವತ್ತೇಳು!"

"ಯಾತರ ನಲವತ್ತೇಳು? ಕಲ್ಲು ಅದು," ಎಂದಳು ಆದೆಮ್ಮ.

ಹುಣಸೆಹಣ್ಣು ಹಚ್ಚಿ ತಿಕ್ಕಿದ. ಬೂದಿ ಹಚ್ಚಿ ತಿಕ್ಕಿದ. ಏಳು ಕೊಡ ನೀರು ಸುರಿದ. ಮಾಳಿಗೆಯ ಮೇಲೆ ಒಣಗಿಸಿ ಮೂಸಿ ನೋಡಿದ. ಬಳ್ಳೊಳ್ಳಿ ವಾಸನೆ ಇನ್ನೂ ಇದ್ದಂತೆ ಅನ್ನಿಸಿತು. ಮತ್ತೆ ತೊಳೆದ. ಕೊನೆಗೆ ಚೀಟಿ ಸಮೇತ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದ.

*

ವರ್ಷ ಕಳೆದು ಸರ್ ಒಂದು ಮಧ್ಯಾಹ್ನ ಸಿಂಧನೂರಿನಿಂದ ಪೇಡೆ ಕಟ್ಟಿಸಿಕೊಂಡು ಬಂದರು. ಬಾಗಿಲಿನಿಂದಲೇ ಕೂಗಿದರು. "ಹೊನ್ನೂರಣ್ಣ! ನಿನ್ನ ನಲವತ್ತೇಳರಾಗ ಸಮುದ್ರ ಸಿಕ್ಕೈತಿ! ಅಷ್ಟು ಚೀಲದಾಗ ಅದೊಂದ ಕಲ್ಲು!"

ಹೊನ್ನೂರಪ್ಪ ತಿರುಗಿ ಹೆಂಡತಿಯ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ಪೇಡೆ ಇಬ್ಬರ ಗಂಟಲಲ್ಲೂ ಇಳಿಯಲಿಲ್ಲ.

ಸಂಜೆ ಮೇವು ತರಲು ಹೊಲಕ್ಕೆ ಹೋದಾಗ ಹೊನ್ನೂರಪ್ಪ ಬದುವಿನ ಮೇಲೆ ಕುಳಿತುಬಿಟ್ಟ. "ಸಮುದ್ರದಾಗ ಏನಿರತೈತಿ ಹೇಳು."

"ಉಪ್ಪು."

"ನೀ ಏನು ಕುಟ್ಟಿದಿ?"

ಆದೆಮ್ಮ ಕುಡುಗೋಲು ಕೆಳಗಿಟ್ಟಳು. "ಹೇಳಿಬಿಡೋಣ ನಡಿ. ಬೈದ್ರ ಬೈಲಿ."

"ಬೈದ್ರ ತಡಕೋಬಹುದು. ಅವರು ನಗಾಕತ್ತಿದ್ದು ನೋಡಿದಿಲ್ಲೋ? ಆ ಕಲ್ಲಿನ ಮ್ಯಾಲ ಅವರಿಗೆ ಡಾಕ್ಟರ್ಕಿ ಸಿಗತೈತಂತ. ನಾ ಹೆಂಗ ಹೇಳ್ಲಿ?"

ಮರುದಿನ ಕೋಳಿ ಕೂಗುವಾಗಲೇ ಎದ್ದು, ಮಲಗಿದ್ದ ಸರ್ ಅನ್ನು ಎಬ್ಬಿಸಿಕೊಂಡು ಹೊನ್ನೂರಪ್ಪ ಗುಡ್ಡ ಹತ್ತಿದ. ಒಂದು ಕಲ್ಲು ಸಾಲುವುದಿಲ್ಲ, ಅದೇ ಜಾಗದಲ್ಲಿ ಇನ್ನು ನಾಲ್ಕು ತೆಗೆದುಕೊಳ್ಳಿ ಎಂದು ಹಟ ಹಿಡಿದನಂತೆ. ಸರ್‌ಗೆ ಬಿಸಿಲಿಗೆ ತಲೆನೋವು. ಸಾಕು ಬಿಡು ಅಂದರಂತೆ. ಇವನು ಬಿಡದೆ ತಾನೇ ಸುತ್ತಿಗೆ ಹಿಡಿದು ಒಡೆದ. ನಾಲ್ಕು ಚೀಲವನ್ನೂ ಹೊತ್ತು ತಂದು, ಮನೆಯೊಳಗೆ ಇಡದೆ ಹೊರಗೆ ಕಟ್ಟೆಯ ಮೇಲೆ ಇಟ್ಟುಕೊಂಡು, ಸರ್ ಬಸ್ಸು ಹತ್ತುವವರೆಗೆ ಕಾವಲು ಕುಳಿತ. ಆದೆಮ್ಮ ನೀರು ಕೊಡಲು ಹತ್ತಿರ ಹೋದರೂ, "ಆಚೆ ನಿಲ್ಲು," ಅಂದ. ತಲೆಗೆ ಬಿಸಿಲು ಹತ್ತಿದೆ ಎಂದು ಅವಳು ಆಗ ಅಂದುಕೊಂಡಳು; ಯಾಕೆಂದು ತಿಳಿದದ್ದು ಆಮೇಲೆ.

ಆ ನಾಲ್ಕು ಕಲ್ಲು ಏನು ಹೇಳಿದವು ಎಂದು ಹೊನ್ನೂರಪ್ಪ ಕೇಳಲೇ ಇಲ್ಲ. ಬೇರೇನೋ ಹೇಳಿದ್ದರೆ? ಕೇಳುವ ಧೈರ್ಯ ಸಾಲಲಿಲ್ಲ. ಸರ್ ಡಾಕ್ಟರ್ ಆದರು, ಕೆಲಸ ಹಿಡಿದರು, ವರ್ಷಕ್ಕೊಮ್ಮೆ ಬಸ್ಸಿನಲ್ಲಿ ವಿದ್ಯಾರ್ಥಿಗಳನ್ನು ತುಂಬಿಕೊಂಡು ಸಂತೆಕಲ್ಲೂರಿಗೆ ಬಂದರು. ಹೊನ್ನೂರಪ್ಪನನ್ನು ಬಂಡೆಯ ಮೇಲೆ ನಿಲ್ಲಿಸಿ, ಕಂಬಳಿಯ ಕತೆ ಹೇಳಿಸಿ, ಕೊನೆಗೆ ತಾವೇ ನಲವತ್ತೇಳರ ಕತೆ ಹೇಳುವರು. ಮಕ್ಕಳು ಚಪ್ಪಾಳೆ ಹೊಡೆಯುವರು. ಹೇಳುವಷ್ಟು ಹೊತ್ತು ಹೊನ್ನೂರಪ್ಪನ ಮುಖ ದೀಪದಂತೆ ಇರುತ್ತಿತ್ತು. ಬಸ್ಸು ಹೋದಮೇಲೆ ಮನೆಗೆ ಬಂದು ಅರ್ಧ ರೊಟ್ಟಿ ಉಂಡು ಏಳುತ್ತಿದ್ದ. ವರ್ಷದಲ್ಲಿ ಆ ಒಂದು ದಿನ ಬಿಟ್ಟರೆ ಉಳಿದ ದಿನವೆಲ್ಲ ನೆಮ್ಮದಿಯಾಗಿಯೇ ಇದ್ದ, ಅದೂ ನಿಜ.

*

ಕಾರು ಬಂದು ನಿಂತಾಗ ಹೊತ್ತು ಪಡುವಣಕ್ಕೆ ವಾಲಿತ್ತು. ನಿವೃತ್ತರಾಗಿ ಸಿಂಧನೂರಿನಲ್ಲಿದ್ದ ಸಂಗನಬಸವ ಸರ್ ಕೋಲೂರಿಕೊಂಡು ಇಳಿದರು. ಹೊನ್ನೂರಪ್ಪನ ಮುಂದೆ ಬಹಳ ಹೊತ್ತು ಕೈಮುಗಿದು ನಿಂತರು. ಆಮೇಲೆ ಅವನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ಮಗುವಿನ ಹಾಗೆ ಅತ್ತುಬಿಟ್ಟರು. ಆದೆಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಭಜನೆಯವರು ತಾಳ ಬಡಿದು, "ಏಳ್ರಿ, ಹೊತ್ತಾತು," ಅಂದರು.

ದಾರಿಯಲ್ಲಿ ಹೇಳೋಣ ಅಂದುಕೊಂಡಳು. ದಾರಿಯುದ್ದಕ್ಕೂ ಆನಂದಕುಮಾರ ಸರ್ ಅವರ ತೋಳು ಹಿಡಿದು ನಡೆಸುತ್ತಿದ್ದ. ಹೊಲ ಮುಟ್ಟಿದ ಮೇಲೆ ಹೇಳೋಣ ಅಂದುಕೊಂಡಳು. ಕಡಲೆ ಕಿತ್ತ ಹೊಲದಲ್ಲಿ ಊರೇ ನೆರೆದಿತ್ತು. ಮೂಡಣಕ್ಕೆ ಸರಿದು ತೋಡಿದ ಕುಣಿ ಸಸೂತ್ರವಾಗಿ ಆಳಕ್ಕೆ ಇಳಿದಿತ್ತು. ಹೊನ್ನೂರಪ್ಪನನ್ನು ಇಳಿಸಿ ಕೂಡಿಸಿದರು. ಬೀರಲಿಂಗ ಭಂಡಾರ ಎರಚಿದ. ಆಗ ಸರ್ ಕೈಯೆತ್ತಿ, "ಎರಡು ಮಾತಾಡ್ತೀನಿ," ಅಂದರು.

"ನಿಮಗೆಲ್ಲಾ ಹೊನ್ನೂರಣ್ಣ ಕುರಿ ಕಾಯ್ದ ಮನುಷ್ಯ. ನನಗ ಗುರು. ನನ್ನ ಪ್ರಬಂಧ ನೋಡಾಕ ಹೊರಗಿಂದ ಒಬ್ಬ ದೊಡ್ಡ ವಿದ್ವಾಂಸರು ಬಂದಿದ್ರು. ನನ್ನ ಪುಸ್ತಕ ಮುಚ್ಚಿಟ್ಟು ಒಂದ ಪ್ರಶ್ನಿ ಕೇಳಿದ್ರು. ಒಂದು ಕಲ್ಲು ನೋಡಿ ಇಷ್ಟು ದೊಡ್ಡ ಮಾತು ಹೆಂಗ ಆಡ್ತಿಯಪ್ಪಾ ಅಂತ. ನಾ ಇನ್ನ ನಾಕು ಕಲ್ಲಿನ ಕಾಗದ ತೆಗೆದು ಅವರ ಮುಂದಿಟ್ಟೆ. ಅವರು ಒಪ್ಪಿ ಸಹಿ ಹಾಕಿದ್ರು. ಆ ನಾಕು ಕಲ್ಲು ತಗೊಳ್ಳಾಕ ಹಚ್ಚಿದವನು ಇಂವ. ಸಾಲಿ ಕಟ್ಟಿ ಹತ್ತಿದವನಲ್ಲ. ಅಷ್ಟು ದೊಡ್ಡವರು ಕೇಳೋ ಪ್ರಶ್ನಿ ಇವಗ ಮೊದಲ ಹೆಂಗ ತಿಳೀತು? ಈ ಮಾತು ನಾ ಇವನ ಮುಂದ ಸೈತ ಆಡಲಿಲ್ಲ. ಇನ್ನ ನಾಕು ಯಾಕಂತ ಅವತ್ತು ಗುಡ್ಡದ ಮ್ಯಾಲ ಕೇಳಿದ್ದಕ್ಕ 'ಸುಮ್ನ ಅನಿಸ್ತು ಸರ' ಅಂತ ನಕ್ಕುಬಿಟ್ಟ. ಅದು ಹುಟ್ಟಿನಿಂದ ಬಂದ ಬುದ್ಧಿ. ಕಲಿಸಿದ್ರ ಬರೂದಲ್ಲ."

ಜನರ ನಡುವೆ ಮೆಚ್ಚುಗೆಯ ಗುಜುಗುಜು ಎದ್ದಿತು. ಆನಂದಕುಮಾರ ಎದೆಯುಬ್ಬಿಸಿ ಕಣ್ಣೊರೆಸಿಕೊಂಡ. ಆದೆಮ್ಮನಿಗೆ ಮಾತ್ರ ನಿಜ ಗೊತ್ತಿತ್ತು. ಸುಮ್ಮನೆ ಅನ್ನಿಸಿದ್ದಲ್ಲ, ಹುಟ್ಟಿನಿಂದ ಬಂದದ್ದೂ ಅಲ್ಲ, ಅವಳ ಕೈ ತಾಕದ ಕಲ್ಲು ಇರಲಿ ಎಂದು ಹೆದರಿ ಮಾಡಿದ್ದು. ಈಗ ಹೇಳಿದರೆ, ಗಂಡನಿಗೆ ಆಗತಾನೇ ಹೊದಿಸಿದ ಶಾಲನ್ನು ಹೆಂಡತಿಯೇ ಎಳೆದುಕೊಂಡ ಹಾಗೆ. ಬೀರಲಿಂಗ ಬುಟ್ಟಿಯ ಮಣ್ಣು ಮುಂದೆ ಹಿಡಿದ. ಆನಂದಕುಮಾರ ಮುಷ್ಟಿ ತುಂಬ ತೆಗೆದುಕೊಂಡ.

"ತಡಿಯೋ ಆನಂದಾ!" ಆದೆಮ್ಮನ ದನಿ ಅವಳಿಗೇ ಹೊಸದಾಗಿ ಕೇಳಿತು. "ಸರ, ಈಚೆ ಬರ್ರಿ. ನಿಮ್ಮ ಹತ್ತಿರ ಒಂದು ಮಾತೈತಿ."

"ಈಗೇನು ಮಾತು ಯವ್ವಾ?" ಜ್ಯೋತಿ ಗಾಬರಿಯಾಗಿ ಕೈ ಹಿಡಿಯಲು ಬಂದಳು. ಆದೆಮ್ಮ ಬಿಡಿಸಿಕೊಂಡಳು.

ಇಬ್ಬರೂ ಜಾಲಿಮರದ ನೆರಳಿಗೆ ಹೋದರು. ಗಿರಿಯಮ್ಮ, ಯಾರೂ ಕರೆಯದಿದ್ದರೂ, ಹತ್ತು ಹೆಜ್ಜೆ ಹಿಂದೆ ಬಂದು ಕಾಲಿಗೆ ಮುಳ್ಳು ಚುಚ್ಚಿದವಳ ಹಾಗೆ ನಿಂತಳು.

"ಸರ, ನಿಮ್ಮ ನಲವತ್ತೇಳರಿಂದ ನಾ ಖಾರ ಕುಟ್ಟೀನಿ."

ಸರ್‌ಗೆ ತಿಳಿಯಲಿಲ್ಲ. "ಏನು ಕುಟ್ಟಿದಿ ಅಕ್ಕ?"

"ಖಾರ ಸರ. ಮೆಣಸಿನಕಾಯಿ, ಬಳ್ಳೊಳ್ಳಿ, ಹರಳುಪ್ಪು." ಒಮ್ಮೆ ಬಾಯಿ ಬಿಟ್ಟಮೇಲೆ ಅವಳಿಂದ ನಿಲ್ಲಿಸಲಾಗಲಿಲ್ಲ. ಚೀಲದ ಬಾಯಿ ಬಿಚ್ಚಿದ್ದು, ಹುಣಸೆಹಣ್ಣಿನಲ್ಲಿ ತೊಳೆದದ್ದು, ಪೇಡೆ ಗಂಟಲಲ್ಲಿ ನಿಂತದ್ದು, ಎಲ್ಲ ಹೇಳಿದಳು. "ನಿಮಗ ಸಿಕ್ಕಿದ್ದು ಸಮುದ್ರ ಅಲ್ಲ ಸರ, ನಮ್ಮ ಮನಿ ಉಪ್ಪು. ಇಂವ ಬುದ್ಧಿಯಿಂದ ಆ ನಾಕು ಕಲ್ಲು ತರಲಿಲ್ಲ, ಹೆದರಿ ತಂದ. ಮಣ್ಣು ಬೀಳೋದ್ರೊಳಗ ಹೇಳು ಅಂತ ಕೈ ಹಿಡಕೊಂಡು ಹೇಳ್ಯಾನ. ತಪ್ಪು ನಂದು. ಅವನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ಸರ್ ಮೆಲ್ಲಗೆ ಬದುವಿನ ಮೇಲೆ ಕುಳಿತರು. ಕೋಲು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು, "ಆ ಖಾರ... ಅವತ್ತು ನಾ ಉಂಡೆನಲ್ಲಾ?"

"ಎರಡು ಸಲ ಹಾಕಿಸಿಕೊಂಡ್ರಿ."

ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ಆದೆಮ್ಮ ಹೆದರಿದಳು. ಅಲ್ಲ, ನಗುತ್ತಿದ್ದರು. ಸಾವಿನ ಜಾಗ ಎಂದು ಬಾಯಿಗೆ ಟವಲು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಆದೆಮ್ಮಕ್ಕ, ಕೇಳಿಲ್ಲೆ. ಕಲ್ಲು ನಮ್ಮ ಕೈಗೆ ಬಂದ ಮ್ಯಾಲ ಮೊದಲು ಗರಗಸದಾಗ ಕೊಯ್ದು ಹೊರಗಿನ ಸಿಪ್ಪಿ ಪೂರಾ ತೆಗೀತೀವಿ. ಒಳಗಿನ ತಿರುಳಷ್ಟ ತೊಳೆದು ಪುಡಿ ಮಾಡ್ತೀವಿ. ನಿನ್ನ ಉಪ್ಪು, ಬಳ್ಳೊಳ್ಳಿ ಎಲ್ಲಾ ಸಿಪ್ಪಿ ಜೊತಿಗೆ ಹೋತು. ಎರಡನೇದು, ನಾವು ಉಪ್ಪು ನೋಡೂದ ಇಲ್ಲ. ಇಷ್ಟು ಹಳೇ ಕಲ್ಲಿನ್ಯಾಗ ನೀರು ಹೋಗಿ ಬಂದು ಉಪ್ಪಿನ ಮಾತು ಕೆಟ್ಟಿರತೈತಿ, ಅದನ್ನ ಯಾರೂ ನಂಬಂಗಿಲ್ಲ. ನಾವು ನೋಡೂದು ಥೋರಿಯಂ ಅಂತ ಒಂದು, ಅಂಥವು ಇನ್ನ ಕೆಲವು. ಸಮುದ್ರದ ಕೆಸರಿನ್ಯಾಗ ಜಾಸ್ತಿ, ಭೂಮಿಯ ಹೊಟ್ಟಿ ಕಲ್ಲಿನ್ಯಾಗ ಭಾಳ ಕಮ್ಮಿ. ಅಡಗಿಮನಿ ಡಬ್ಬ್ಯಾಗ ಎಲ್ಲಿ ಹುಡುಕಿದ್ರೂ ಸಿಗಂಗಿಲ್ಲ."

ಆದೆಮ್ಮ ಅವರ ಬಾಯನ್ನೇ ನೋಡುತ್ತಿದ್ದಳು. "ಹಂಗಂದ್ರ?"

"ಹಂಗಂದ್ರ ಸಮುದ್ರನ. ಆ ನಾಕು ಕಲ್ಲೂ ಅದನ್ನ ಹೇಳಿದ್ವು. ಅವಕ್ಕ ನಿನ್ನ ಕೈ ಸೈತ ತಾಕಿದ್ದಿಲ್ಲ." ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಈಗ ಅವರ ದನಿ ಇಳಿದಿತ್ತು. "ಆದ್ರ ಒಂದು ಖರೆ ಅಕ್ಕ. ಅವತ್ತು ಹೆದರಬೇಕಾದವನು ನಾನು. ನನಗ ಒಂದ ಕಲ್ಲು ಸಾಕನಿಸಿತ್ತು. ಆ ನಾಕು ಇಲ್ಲಂದ್ರ ಆ ವಿದ್ವಾಂಸರು ನನ್ನ ಅವತ್ತ ಹೊರಗ ಹಾಕ್ತಿದ್ರು. ನೀ ಖಾರ ಕುಟ್ಟದಿದ್ರ ಅಂವ ಹೆದರ್ತಿದ್ದಿಲ್ಲ. ಅಂವ ಹೆದರದಿದ್ರ ನಾ ಇರ್ತಿದ್ದಿಲ್ಲ."

ಆದೆಮ್ಮನಿಗೆ ಮೊದಲು ಹಗುರಾಯಿತು. ಹಿಂದೆಯೇ ಸಿಟ್ಟು ಬಂತು, ಗಂಡನ ಮೇಲೆ, ತನ್ನ ಮೇಲೆ. ಒಂದು ಸಲ, ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತಲ್ಲ! ಮೂವತ್ತು ವರ್ಷ ಎಷ್ಟು ಅರ್ಧರೊಟ್ಟಿ ಬಿಟ್ಟು ಎದ್ದ ಈ ಮನುಷ್ಯ! ಬೆಳಗಿನಿಂದ ತಡೆತಡೆದು ಬರುತ್ತಿದ್ದ ಅಳು ಈಗ ಒಂದೇ ಸಲ ಉಕ್ಕಿ ಬಂದು, ಅವಳು ಜಾಲಿಮರ ಹಿಡಿದುಕೊಂಡು ಜೋರಾಗಿ ಅತ್ತಳು. ಅದರ ನಡುವೆಯೇ ನಗುವೂ ಬಂತು.

"ನಾ ಹೋಗಿ ಎಲ್ಲಾರ ಮುಂದ ಹೇಳ್ಲೇನು?" ಸರ್ ಏಳಲು ನೋಡಿದರು.

"ಮಂದಿಗೆ ಆಮ್ಯಾಲ ಹೇಳ್ರಿ ಸರ. ಮೊದಲು ಅವಗ ಹೇಳಬೇಕು."

ಅವಳು ಮೂಗೊರೆಸಿಕೊಂಡು ಸೀರೆ ಎತ್ತಿಕಟ್ಟಿ ಕುಣಿಯತ್ತ ದಾಪುಗಾಲು ಹಾಕಿದಳು. ಬೀರಲಿಂಗನ ಹೆಗಲು ಹಿಡಿದು ಒಂದು ಕಾಲು ಒಳಗಿಟ್ಟಾಗ ಅವನು ಹೌಹಾರಿದ. "ಅತ್ತಿಗಿ, ಹೆಣ್ಮಕ್ಕಳು ಕುಣ್ಯಾಗ ಇಳಿಯೂದಿಲ್ಲ!"

"ನಿನ್ನ ಪದ್ಧತಿ ನಾಳಿಗೆ ಮಾಡೋಣ. ಗಟ್ಟಿ ಹಿಡಕೋ."

ಇಳಿದಳು. ತಂಪು ಮಣ್ಣಿನಲ್ಲಿ ಹೊನ್ನೂರಪ್ಪ ಕುಳಿತಿದ್ದ. ಅವನ ಎಡಗಿವಿ ಹಿಂದೆಯೇ ಹೋಗಿತ್ತು, ಬಲಗಿವಿಯೂ ಈಚೆಗೆ ಮಂದವಾಗಿತ್ತು. ಹತ್ತು ವರ್ಷದಿಂದ ಅವಳು ಬಲಕ್ಕೇ ಕುಳಿತು, ಊರಿಗೆಲ್ಲ ಕೇಳುವ ಹಾಗೆ ಮಾತಾಡಿದವಳು. ಈಗಲೂ ಬಲಕ್ಕೆ ಸರಿದು, ಚೆಂಡುಹೂವಿನ ಹಾರವನ್ನು ಕಿವಿಯಿಂದ ಆಚೆಗೆ ಸರಿಸಿ, ಬಾಯಿ ಹತ್ತಿರ ಒಯ್ದಳು.

"ಕೇಳಾಕತ್ತೈತೇನು? ಉಪ್ಪಲ್ಲಂತ! ಸಮುದ್ರನ ಅಂತ!"

ಮೇಲೆ ನಿಂತ ಜನಕ್ಕೆ ಏನೂ ತಿಳಿಯಲಿಲ್ಲ. ತಿಳಿದ ಗಿರಿಯಮ್ಮ ಜನ್ಮದಲ್ಲಿ ಮೊದಲ ಸಲ ಬಾಯಿಗೆ ಸೆರಗು ಒತ್ತಿಕೊಂಡು ಸುಮ್ಮನೆ ನಿಂತಿದ್ದಳು. ಆದೆಮ್ಮ, ಪ್ರತಿ ಮಾತಿಗೂ ಅವನು ಹೂಂ ಅನ್ನುವವರೆಗೆ ಕಾಯುತ್ತಿದ್ದ ರೂಢಿಯಂತೆ, ಅವನ ಮುಖವನ್ನೇ ನೋಡುತ್ತ ಒಂದು ಗಳಿಗೆ ಕಾಯ್ದಳು. ಕುಣಿಯ ಅಂಚಿನಲ್ಲಿ ಆನಂದಕುಮಾರ ಮುಷ್ಟಿಯ ಮಣ್ಣು ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದ.